ಅಜ್ಜನ ಲಿವರ್ ಕೋವಿ ಅರ್ಧಕ್ಕೇ ಕಚ್ಚಿಕೊಳ್ಳುತ್ತಿದೆ, ಏನು ಮಾಡಲಿ?

ಹೊಸನಗರದ ತೋಟದವನು:
ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ವಿಂಚೆಸ್ಟರ್ 1892 ಇದೆ, ಹಿಡಿಯ ಕೆಳಗಿನ ಲಿವರ್ ಎಳೆದು ತೋಟೆ ಏರಿಸುವ ಕೋವಿ. 44-40 ತೋಟೆಯದು, ಎಂಟು ಮೂಲೆಯ ನಳಿಗೆ. ಎಸ್ಟೇಟ್ ಮಾರಿ ಊರಿಗೆ ಹೊರಟ ದೊರೆಯೊಬ್ಬರಿಂದ ಅಜ್ಜ ಕೊಂಡಿದ್ದು. ಲೈಸೆನ್ಸ್ ಈಗ ನನ್ನ ಹೆಸರಲ್ಲಿದೆ.

ಚುನಾವಣೆಗೆ ಅಂತ ಠಾಣೆಗೆ ಕೊಟ್ಟಿದ್ದು, ಮಳೆ ಹಿಡಿದ ಮೇಲೆ ವಾಪಸ್ ಬಂತು. ಆಮೇಲೆ ಶುರುವಾಗಿದೆ ಈ ತೊಂದರೆ. ಒಂದೊಂದು ಸಲ ಸಲೀಸಾಗಿ ತೋಟೆ ಏರುತ್ತದೆ. ಇನ್ನೊಂದು ಸಲ ಲಿವರ್ ಅರ್ಧಕ್ಕೆ ನಿಂತುಬಿಡುತ್ತದೆ, ಹಿಂದೂ ಇಲ್ಲ ಮುಂದೂ ಇಲ್ಲ. ಬಿಡಿಸಿ ತೆಗೆದ ತೋಟೆಯ ಬುಡದ ಅಂಚಿನಲ್ಲಿ ಉಗುರಿನಿಂದ ಗೀರಿದ ಹಾಗೆ ಹೊಳೆಯುವ ಗೆರೆ. ಮಾರಿಬಿಡಿ ಅನ್ನಬೇಡಿ. ಅಜ್ಜನ ಕೈ ಉಜ್ಜಿ ಉಜ್ಜಿ ಅದರ ಮರ ನುಣ್ಣಗಾಗಿದೆ.

ಸಾಗರದಿಂದ:
ಯಾವ ಎಣ್ಣೆ ಹಾಕುತ್ತೀರಿ? ನಮ್ಮ ಕಡೆ ಹಳಬರು ತೆಂಗಿನೆಣ್ಣೆ ಹಾಕುತ್ತಿದ್ದರು. ಅದು ಒಳಗೆ ಅಂಟಾಗಿ ಕೂರುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ತೆಳು ಗನ್ ಆಯಿಲ್ ಹಾಕಿ ನೋಡಿ. ಲಿವರ್ ಪೂರ್ತಿ ಕೆಳಗೆ ಎಳೆಯುತ್ತೀರಿ ಅಲ್ವಾ? ಅರ್ಧ ಎಳೆದರೂ ಹೀಗೆ ಆಗುತ್ತದೆ.

ಹೊಸನಗರದ ತೋಟದವನು:
ಪೂರ್ತಿ ಎಳೆಯುತ್ತೇನೆ. ತೊಳೆದೆ, ಬೆಲ್ಲದ ಪಾಕದಂಥ ಕೊಳೆ ಬಂತು. ಆದರೂ ಕಚ್ಚುವುದು ನಿಂತಿಲ್ಲ.

ತೀರ್ಥಹಳ್ಳಿಯಿಂದ (ಕೋವಿ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು):
ಒಂದು ಪರೀಕ್ಷೆ ಮಾಡಿ. ನಿಜವಾದ ತೋಟೆ ಮಾತ್ರ ಬೇಡವೇ ಬೇಡ. ಆ ಕೋವಿಗೆ ಬೇರೆ ಸೇಫ್ಟಿ ಇಲ್ಲ, ಕುದುರೆಯನ್ನು (ತೋಟೆ ಸಿಡಿಸಲು ಬಡಿಯುವ ಸುತ್ತಿಗೆ) ಅರ್ಧ ಕಟ್ಟುವುದೊಂದೇ. ಮ್ಯಾಗಜೀನ್, ಅಂದರೆ ನಳಿಗೆಯ ಅಡಿಯ ತೋಟೆ ಕೊಳವೆ, ಖಾಲಿ ಮಾಡಬೇಕೆಂದರೂ ಲಿವರ್ ಆಡಿಸಲೇಬೇಕು. ಹಾಗಾಗಿ ಮದ್ದಿಲ್ಲದ ಡಮ್ಮಿಯಲ್ಲೇ ಮಾಡಿ.

ಮೊದಲು ಒಂದೇ ಡಮ್ಮಿ ತುಂಬಿ ಆಡಿಸಿ. ಆಮೇಲೆ ಮೂರು ತುಂಬಿ. ಒಂದಕ್ಕೆ ಸಲೀಸು, ಮೂರಕ್ಕೆ ಕಚ್ಚಿತು ಅಂದರೆ ಕ್ಯಾರಿಯರ್ (ತೋಟೆಯನ್ನು ನಳಿಗೆಯ ಮಟ್ಟಕ್ಕೆ ಎತ್ತುವ ತುಂಡು) ತಪ್ಪಲ್ಲ, ಎದುರಿನ ತೋಟೆಯ ತಪ್ಪೂ ಅಲ್ಲ. ಹಿಂದಿನಿಂದ ಬರುವ ತೋಟೆಯನ್ನು ತಡೆಯುವವರಿಲ್ಲ ಅಂತ ಅರ್ಥ.

1892ರಲ್ಲಿ ತೋಟೆ ಜಾರುವ ದಾರಿಯ ಎಡಗಡೆಯ ಪಟ್ಟಿ, ಅಂದರೆ ಗೈಡಿನಲ್ಲಿ ಕಾರ್ಟ್ರಿಜ್ ಸ್ಟಾಪ್ ಅಂತ ಚಿಕ್ಕ ತುಂಡು ಇರುತ್ತದೆ, ಹಿಂದೆ ಸಣ್ಣ ಸ್ಪ್ರಿಂಗ್. ಒಂದು ತೋಟೆ ಮೇಲೇರುವಾಗ ಅದರ ಹಿಂದಿನದನ್ನು ಕೊಳವೆಯಲ್ಲೇ ಹಿಡಿದಿಡುವುದು ಅದರ ಕೆಲಸ. ಅದರ ಮೂಗು ಸವೆದರೆ, ಇಲ್ಲ ಸ್ಪ್ರಿಂಗ್ ಸೋತರೆ, ಎರಡನೆಯದು ನುಗ್ಗಿ ಕ್ಯಾರಿಯರ್ ಅಡಿಗೆ ಸೇರುತ್ತದೆ. ನಿಮ್ಮ ತೋಟೆಯ ಅಂಚಿನ ಗೆರೆ ನೋಡಿದರೆ ಅದೇ ಅನಿಸುತ್ತದೆ.

ದಯವಿಟ್ಟು ಅರ ಹಾಕಬೇಡಿ. ಅಲ್ಲಿ ಲೋಹ ಕಡಿಮೆಯಾಗಿಯೇ ತೊಂದರೆ, ಇನ್ನೂ ಉಜ್ಜಿದರೆ ಮುಗಿಯಿತು.

ಕೊಪ್ಪದಿಂದ:
ನನ್ನದು ಮಾರ್ಲಿನ್ 1894, ಅದೂ ಲಿವರ್ ಕೋವಿಯೇ. ಅದರ ಕಾಯಿಲೆ ಬೇರೆ. ಲಿವರಿನ ಚೂಪು ಅಂಚು ಕ್ಯಾರಿಯರ್‌ನ ಅಡಿಭಾಗವನ್ನು ತಿಂದು ಕಚ್ಚು ಮಾಡುತ್ತದೆ. ಕ್ಯಾರಿಯರ್ ಕೂದಲೆಳೆಯಷ್ಟು ತಗ್ಗಿದರೂ ಸಾಕು, ಎರಡನೇ ತೋಟೆ ನುಸುಳುತ್ತದೆ. ನನಗೆ ಕ್ಯಾರಿಯರ್ ಬದಲಿಸಿ, ಲಿವರಿನ ಅಂಚನ್ನು ನಯ ಮಾಡಿಕೊಟ್ಟರು. ಅದನ್ನು ನಯ ಮಾಡದೆ ಹೊಸ ಕ್ಯಾರಿಯರ್ ಹಾಕಿದ್ದರೆ ಅದನ್ನೂ ತಿನ್ನುತ್ತಿತ್ತು.

ಹೊಸನಗರದ ತೋಟದವನು:
ತೀರ್ಥಹಳ್ಳಿಯವರು ಹೇಳಿದ ಹಾಗೇ ಆಯಿತು. ಒಂದು ಡಮ್ಮಿಗೆ ಹತ್ತು ಸಲವೂ ಸಲೀಸು. ಮೂರು ತುಂಬಿದ ಕೂಡಲೇ ಕಚ್ಚಿತು. ಟಾರ್ಚ್ ಹಾಕಿ ನೋಡಿದರೆ ಎರಡನೆಯದರ ಬುಡ ಕ್ಯಾರಿಯರ್ ಅಡಿಯಲ್ಲಿ ಮಲಗಿತ್ತು.

ಲೈಸೆನ್ಸ್ ಪುಸ್ತಕ ಜೊತೆಗಿಟ್ಟುಕೊಂಡು ಶಿವಮೊಗ್ಗದ ಪರವಾನಗಿ ಇರುವ ರಿಪೇರಿಯವರ ಹತ್ತಿರ ಹೋದೆ. ಗೈಡ್ ಬಿಚ್ಚಿ ಆ ತುಂಡನ್ನು ನನ್ನ ಅಂಗೈ ಮೇಲಿಟ್ಟರು. ಅಕ್ಕಿ ಕಾಳಿನ ಹಾಗೆ ಮೂಗು ಉರುಟಾಗಿತ್ತು. ಸ್ಪ್ರಿಂಗ್ ತುಕ್ಕು ಹಿಡಿದು, ಒತ್ತಿದರೆ ಮೇಲೇಳುತ್ತಿರಲಿಲ್ಲ. ಸ್ಪ್ರಿಂಗ್ ಹೊಸದು ಹಾಕಿದ್ದಾರೆ, ಸ್ಟಾಪ್ ಮಾಡಿಸಿಕೊಡುತ್ತಾರಂತೆ. ಹಳೆ ತುಂಡನ್ನು ಕೇಳಿ ತಂದಿದ್ದೇನೆ, ಅಜ್ಜನ ಎಲೆಯಡಿಕೆ ಡಬ್ಬಿಯಲ್ಲಿದೆ.