‘ಸುಮಾರ್ ಅದ’ ಅಂದ್ರ ಭಾಳ ಅದಂತೇನೋ, ಅಷ್ಟಕ್ಕಷ್ಟೇ ಅಂತೇನೋ?

ತೊಗರಿ_ಕಣಜ:
ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿ ಗಂಜ್‌ನಾಗ ದಲಾಲಿ ಅಂಗಡ್ಯಾಗ ಕೆಲಸ ನಂದು. ಮೊನ್ನಿ ಬೆಂಗ್ಳೂರಿನ ಪಾರ್ಟಿ ಒಬ್ರು ಫೋನ್ ಹಚ್ಚಿ ಈ ಸಲ ತೊಗರಿ ಹೆಂಗದ ಅಂತ ಕೇಳಿದ್ರು, ನಾ ‘ಸುಮಾರ್ ಅದ್ರಿ’ ಅಂದೆ, ಅಂದ್ರ ಆವಕ (ಗಂಜಿಗಿ ಬರೋ ಮಾಲು) ಛಲೋನೇ ಬರ್ಲತ್ತದ ಅಂತ, ಅವ್ರು ನೋಡಿದ್ರ ಕಾಳೇ ಛಲೋ ಇಲ್ಲಂತ ತಿಳ್ಕೊಂಡು ರೇಟ್ ಇಳಿಸ್ರಿ ಅಂತ ಗಂಟುಬಿದ್ರು. ಖರೆ ಅರ್ಥ ಯಾವುದ್ರಿ? ‘ಅಂದಾಜು’ ಅಂದ್ರೂ ಇದೇ ಏನು?

ಸೇಡಂ_ಮಾಸ್ತರ:
ಎರಡೂ ಖರೇನೇ, ಮೂರನೇದೂ ಒಂದದ. ಶಬ್ದ ಎಲ್ಲಿ ಕೂಡ್ತದ ನೋಡ್ರಿ. ಅಂಕಿಕಿಂತ ಮೊದಲ ಬಂದ್ರ ಹೆಚ್ಚುಕಮ್ಮಿ, ‘ಸುಮಾರು 50 ಚೀಲ’. ಅಂಕಿ ಇಲ್ದ ‘ಸುಮಾರು ಮಂದಿ ಬಂದಿದ್ರು’ ಅಂದ್ರ ಯಾರೂ ಎಣಿಸಿಲ್ಲ, ಆದ್ರ ಕಮ್ಮಿ ಏನಿರ್ಲಿಲ್ಲ. ಒಂದೇ ನಿಂತು ‘ಊಟ ಸುಮಾರ್ ಇತ್ತು’ ಅಂದ್ರ ಮಾತ್ರ ಯಾರೂ ಎರಡ್ನೇ ಸಲ ನೀಡಿಸಿಕೊಂಡಿಲ್ಲಂತ ತಿಳೀರಿ. ಹಂಗಾಗಿ ಆ ಪಾರ್ಟೀದೇನು ತಪ್ಪಿಲ್ಲ ಬಿಡ್ರಿ. ‘ಸುಮಾರು ಚೀಲ ಬರ್ಲತ್ತಾವ’ ಅಂದಿದ್ರ ತಕರಾರೇ ಇರ್ತಿರ್ಲಿಲ್ಲ.

ಬೀದರ್_ಕೋಟಿ:
ಮಜಾ ಏನಂದ್ರ ಇದು ಫಾರಸಿ ‘ಶುಮಾರ್’, ಎಣಿಕೆ ಅಂತ ಅರ್ಥ! ಉರ್ದುನಾಗ ಎಣಿಸಲಾರದಷ್ಟು ಅನ್ಲಿಕ್ಕ ಇವತ್ತಿಗೂ ‘ಬೇಶುಮಾರ್’ ಅಂತಾರಲ್ಲ, ಅದೇ. ನಮ್ಮ ಬಾಯಾಗ ಬಂದು ಎಣಿಸದೇ ಹೇಳೋ ಮಾತಿಗೇ ಹೆಸರಾಯ್ತು. ನಮ್ಮ ಕಡಿ ಮಂದಿ ಉರ್ದು ಶಬ್ದ ಅಂದಕೂಡ್ಲೇ ನಿಜಾಮರ ಕಾಲದ್ದು ಅಂತಾರ, ನಾ ಒಪ್ಪಂಗಿಲ್ರಿ, ಯಾಕಂದ್ರ ಇದು ನಮ್ಮ ಕಡಿ ಅಷ್ಟೇ ಇಲ್ಲ, ತಮಿಳ್ನಾಗೂ ‘ಸುಮಾರ್’ ಅಂದ್ರ ಹೆಚ್ಚುಕಮ್ಮಿನೂ ಹೌದು ಅಷ್ಟಕ್ಕಷ್ಟೇನೂ ಹೌದು, ಮರಾಠಿನಾಗ ‘ಸುಮಾರ್ ದರ್ಜಾ’ ಅಂದ್ರ ಮಾಲ್ ಮುಟ್ಟಬ್ಯಾಡ ಅಂತನೇ.

ತೊಗರಿ_ಕಣಜ:
ಹೌದಲ್ಲ! ಅಂದಾಜಿಂದು ಯಾರೂ ಹೇಳ್ಲಿಲ್ಲ?

ಶಹಾಪುರ_ಹುಡುಗ:
ಅಂದಾಜೂ ಫಾರಸೀನೇ, ಆದ್ರ ಅದರ ಹಿಂದ ಸ್ವಲ್ಪ ಲೆಕ್ಕ ಇರ್ತದ. ಇಂಜಿನಿಯರ್ ‘ಅಂದಾಜು ಪಟ್ಟಿ’ ಮಾಡ್ತಾನ, ‘ಸುಮಾರು ಪಟ್ಟಿ’ ಅಂತ ಕೇಳೀರೇನು? ‘ಅಂದಾಜು ಮಾಡು’ ಅನ್ಬಹುದು, ‘ಸುಮಾರು ಮಾಡು’ ಅನ್ಲಿಕ್ಕ ಬರಂಗಿಲ್ಲ. ಊರಾಗ ಇವೆರಡೂ ಬೇಕೇ ಆಗಂಗಿಲ್ಲ ಖರೆ, ಐದಾರು, ಏಳೆಂಟು, ಹತ್ತಿಪ್ಪತ್ತು ಅಂದ್ರ ಮುಗೀತು. ನನಗ ಸಿಟ್ಟು ಬರೋದು ಪೇಪರ್‌ನೋರ ಮ್ಯಾಲ, ‘ಸುಮಾರು 500ಕ್ಕೂ ಹೆಚ್ಚು’ ಅಂತ ಬರೀತಾರ. ಸುಮಾರು ಅಂದ್ಮ್ಯಾಲ ಆಕಡಿ ಈಕಡಿ ಎರಡೂ ಬಂತಲ್ರಿ, ಮತ್ತ ಹೆಚ್ಚು ಯಾಕ? ‘ಸುಮಾರು 47 ಮಂದಿ’ ಅಂತನೂ ನೋಡೀನಿ, 47 ಅಂತ ಎಣಿಸಿದ್ಮ್ಯಾಲ ಸುಮಾರು ಎಲ್ಲಿಂದ ಬಂತು?