ಕುಲುಮೆಯವರು ಉಚಿತವಾಗಿ ಕೊಡುವ ಕತ್ತಿಗಳನ್ನು ಸವಾಲಿಗೆ (ಹರಾಜಿಗೆ) ಇಡುವುದು ಸರಿಯೇ?

ಸಾಗರದ ತೋಟಿಗ:

ನಮ್ಮ ಊರಿನ ಕೊನೆಗೌಡರೊಬ್ಬರು (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು) ಈ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸುತ್ತಿನ ಬೋರ್ಡೋ ಔಷಧಿ ಹೊಡೆಯುತ್ತಿದ್ದಾಗ, ಸುಮಾರು 40 ಅಡಿ ಎತ್ತರದಿಂದ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದಾರೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಶಸ್ತ್ರಚಿಕಿತ್ಸೆಗೆಂದು ಮಾಡಿದ ಸಾಲ ತೀರಿಸಲು ಮತ್ತು ಮುಂದಿನ ಆರೈಕೆಗೆ ಹಣ ಕೂಡಿಸುವ ಪ್ರಯತ್ನದಲ್ಲಿದ್ದೇವೆ. ಈ ಸಂದರ್ಭದಲ್ಲಿ ಸುತ್ತಲಿನ ನಾಲ್ಕು ಕುಲುಮೆಗಳ ಆಚಾರ್ರು (ಕಮ್ಮಾರರು) ತಲಾ ಮೂರರಂತೆ ಒಟ್ಟು 12 ಕತ್ತಿಗಳನ್ನು ತಮ್ಮ ಕೈಯಿಂದಲೇ ಮಾಡಿ ಉಚಿತವಾಗಿ ಕೊಡಲು ಒಪ್ಪಿದ್ದಾರೆ. ಗಣಪತಿ ಹಬ್ಬದಲ್ಲಿ ದೇವರ ಮುಂದೆ ಕಟ್ಟಿದ ಹಣ್ಣುಕಾಯಿಗಳ ಫಲಾವಳಿಯನ್ನು ಸವಾಲು ಕೂಗುವಂತೆಯೇ, ಆಯುಧಪೂಜೆಯ ಹಿಂದಿನ ಸಂಜೆ ದೇವಸ್ಥಾನದ ಅಂಗಳದಲ್ಲಿ ಈ ಕತ್ತಿಗಳನ್ನು ಸವಾಲಿಗೆ ಇಟ್ಟು, ಬಂದ ಹಣವನ್ನೆಲ್ಲ ಆ ಕುಟುಂಬಕ್ಕೆ ಒಪ್ಪಿಸಬೇಕೆಂಬುದು ನಮ್ಮ ಯೋಚನೆ. ಅನುಭವವಿರುವವರು ದಯವಿಟ್ಟು ಸಲಹೆ ನೀಡಬೇಕು.

ಸೊರಬದ ಕುಲುಮೆಮನೆಯವ:

ಉದ್ದೇಶ ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಮ್ಮಾರನ ಮನೆಯಲ್ಲಿ ಹುಟ್ಟಿ, ತಂದೆಯ ಎದುರು ನಿಂತು ಸಮ್ಮಟಿಗೆ ಹೊಡೆದವನಾಗಿ ಒಂದು ಮಾತು ಹೇಳಲೇಬೇಕು. ಕೈಯೆತ್ತಿ ಕೊಟ್ಟದ್ದಕ್ಕೂ, ಹತ್ತು ಜನ ಬಂದು ಕೇಳಿದಾಗ ಇಲ್ಲವೆನ್ನಲಾರದೆ ಕೊಟ್ಟದ್ದಕ್ಕೂ ಬಹಳ ವ್ಯತ್ಯಾಸವಿದೆ. ಒಂದು ಒಳ್ಳೆಯ ಕತ್ತಿಗೆ ಇಬ್ಬರ ಅರ್ಧ ದಿನದ ದುಡಿಮೆ ಬೇಕು. ಉಕ್ಕಿನ ಪಟ್ಟಿ, ಇದ್ದಿಲು, ಹಿಡಿಯ ಮರ, ಸಾಣೆಯ ಕರೆಂಟು ಎಲ್ಲವೂ ಕೈಯಿಂದಲೇ ಹೋಗುತ್ತದೆ. ಅದರಲ್ಲೂ ನವರಾತ್ರಿಯ ಆಸುಪಾಸಿನ ಹದಿನೈದು ದಿನಗಳೇ ನಮಗೆ ವರ್ಷದ ದುಡಿಮೆಯ ಕಾಲ. ಅಡಿಕೆ ಕೊಯ್ಲು ಹತ್ತಿರವಾಯಿತೆಂದು ಎಲ್ಲ ಮನೆಗಳಿಂದಲೂ ಮೆಟ್ಟುಗತ್ತಿಗಳು (ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಅಡಿಕೆ ಸುಲಿಯುವ ಕತ್ತಿಗಳು) ಹದಕ್ಕೂ ಸಾಣೆಗೂ ಬರುವುದು ಆಗಲೇ. ಮೂರು ಕತ್ತಿ ಎಂದು ಬಾಯಲ್ಲಿ ಹೇಳುವುದು ಸುಲಭ, ಕುಲುಮೆಯಲ್ಲಿ ಅದು ಇಬ್ಬರ ಒಂದೂವರೆ ದಿನದ ಕೂಲಿ.

ಇನ್ನೊಂದು ಸಂಗತಿ ಹಣಕ್ಕೆ ಸಂಬಂಧಿಸಿದ್ದಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಹಾಯಾರ್ಥ ಸವಾಲಿಗೆ ನನ್ನ ತಂದೆಯವರು ಎರಡು ಕತ್ತಿಗಳನ್ನು ಕೊಟ್ಟಿದ್ದರು. ನಮ್ಮ ಕುಲುಮೆಯಲ್ಲಿ ಆಗ 600 ರೂಪಾಯಿಗೆ ಮಾರುತ್ತಿದ್ದ ಕತ್ತಿ ಅದು. ಕೂಗುವವರು 100 ರೂಪಾಯಿಯಿಂದ ಆರಂಭಿಸಿದರು, 220ಕ್ಕೆ ಸವಾಲು ಮುಗಿಯಿತು. ತೆಗೆದುಕೊಂಡವರು ನಾಲ್ಕು ಎಕರೆ ತೋಟದ ಯಜಮಾನರು. ಮರುವಾರ ಇನ್ನೊಬ್ಬರು ಕುಲುಮೆಗೆ ಬಂದು, ‘ಸವಾಲಿನಲ್ಲಿ 220ಕ್ಕೆ ಹೋಯಿತಲ್ಲ ಆಚಾರ್ರೇ, ನಮಗೆ ಮಾತ್ರ ಯಾಕೆ 600?’ ಎಂದು ಕೇಳಿದರು. ತಂದೆಯವರು ಉತ್ತರ ಕೊಡದೆ ತಿದಿಯ ಕಡೆಗೆ ತಿರುಗಿ ಕುಳಿತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೊಟ್ಟವನ ಕೆಲಸಕ್ಕೆ ಊರೆದುರು ಬೆಲೆ ಇಳಿಸುವ ಸವಾಲು ಬೇಡ. ಕುಲುಮೆಯ ಮಾರಾಟದ ಬೆಲೆಗಿಂತ ಒಂದು ರೂಪಾಯಿಯೂ ಕಡಿಮೆಯಾಗದಂತೆ ಮೂಲಬೆಲೆ ಗೊತ್ತುಮಾಡಿ, ಪಟ್ಟಿ ಮತ್ತು ಇದ್ದಿಲಿನ ಖರ್ಚನ್ನು ಸಮಿತಿಯವರೇ ಭರಿಸಿ. ಆಗ ಆಚಾರ್ರು ಕೊಡುವುದು ತಮ್ಮ ದುಡಿಮೆಯನ್ನು ಮಾತ್ರ. ಅದನ್ನು ಅವರು ಸಂತೋಷದಿಂದ ಕೊಡುತ್ತಾರೆ.

ಹೊಸನಗರದವ, ಈಗ ಬೆಂಗಳೂರು:

ಸೊರಬದವರು ಹೇಳಿದ ಘಟನೆ ಓದಿ ಬೇಸರವಾಯಿತು. ನನ್ನ ಅಭಿಪ್ರಾಯದಲ್ಲಿ ತಪ್ಪಾಗಿರುವುದು ಸವಾಲು ನಡೆಯುವ ಸ್ಥಳದಲ್ಲಿ. ಕೈಯಿಂದ ಮಾಡಿದ ಚೂರಿಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರು ನಗರಗಳಲ್ಲಿದ್ದಾರೆ, ನಾನೂ ಅವರಲ್ಲೊಬ್ಬ. ಅಮೆರಿಕದಲ್ಲಿ ಚೂರಿ ತಯಾರಕರು ತಾವು ಮಾಡಿದ ಚೂರಿಯನ್ನು ಸಹಾಯನಿಧಿಗೆ ಕೊಡುವುದು, ಅದನ್ನು ಹರಾಜು ಹಾಕಿ ಹಣ ಕೂಡಿಸುವುದು ರೂಢಿಯಲ್ಲಿದೆ. ಅಲ್ಲಿ 1976ರಲ್ಲಿ ಆರಂಭವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಕಮ್ಮಾರರ ಸಂಘವಿದೆ. ಅದರ ಮೊದಲ ದರ್ಜೆಯ ಪರೀಕ್ಷೆಯಲ್ಲಿ ಒಂದೇ ಅಲಗು ನೇತುಬಿಟ್ಟ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಮರದ ರೀಪುಗಳನ್ನು ಕಡಿಯಬೇಕು, ಅಷ್ಟಾದ ಮೇಲೂ ಕೈಯ ಕೂದಲು ಬೋಳಿಸುವಷ್ಟು ಹರಿತ ಉಳಿಸಿಕೊಂಡಿರಬೇಕು, ಕೊನೆಗೆ 90 ಡಿಗ್ರಿ ಬಗ್ಗಿಸಿದರೂ ತುಂಡಾಗಬಾರದು. ನಮ್ಮ ಆಚಾರ್ರ ಕತ್ತಿಗಳು ಇಂಥ ಪರೀಕ್ಷೆಗೆ ಹೆದರಬೇಕಾಗಿಲ್ಲ. ಸಾಗರ, ಸೊರಬದ ಗುಡಿಗಾರರಿಂದ ಹಿಡಿಗೆ ಕೆತ್ತನೆ ಮಾಡಿಸಿ, ಒಳ್ಳೆಯ ಚಿತ್ರ ತೆಗೆದು ಅಂತರ್ಜಾಲದಲ್ಲಿ ಹಾಕಿದರೆ ಒಂದೊಂದಕ್ಕೆ ಊರಿನ ಬೆಲೆಯ ಹತ್ತು ಪಟ್ಟು ಸಿಗಬಹುದು. ಅಥವಾ 200 ರೂಪಾಯಿಯ ಕೂಪನ್ ಮಾರಿ ಲಕ್ಕಿ ಡಿಪ್ ಮಾಡಬಹುದು. ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಕಡವೆ ಕೊಂಬುಗಳಿವೆ. ಹಿಡಿ ಮಾಡಲು ಬೇಕಾದರೆ ಅವನ್ನೂ ಕೊಡುತ್ತೇನೆ.

ಶಿವಮೊಗ್ಗದ ವಕೀಲ:

ಹೊಸನಗರದ ಮಿತ್ರರ ಉತ್ಸಾಹವನ್ನು ಗೌರವಿಸುತ್ತಲೇ ಎರಡು ವಿಷಯಗಳಲ್ಲಿ ಅವರನ್ನು ತಡೆಯಬೇಕಾಗಿದೆ. ಕಡವೆ ಕೊಂಬನ್ನು ದಯವಿಟ್ಟು ಅಟ್ಟದಿಂದ ಇಳಿಸಿ ಯಾರಿಗೂ ಕೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರಿಂದ ಮಾಡಿದ ವಸ್ತುವಿನ ಮಾರಾಟ ಅಪರಾಧ. ಅಜ್ಜನ ಕಾಲದ್ದು ಎಂಬ ಕಾರಣ ಅಲ್ಲಿ ರಕ್ಷಣೆಗೆ ಬರುವುದಿಲ್ಲ, ತೊಂದರೆಗೆ ಸಿಲುಕುವವರು ಹಿಡಿ ಹಾಕಿದ ಆಚಾರ್ರು. ಗಂಧ, ಬೀಟೆಯ ಹಿಡಿಗಳೂ ಬೇಡ, ಹಲಸಿನ ಮರ ಸಾಕು. ಇನ್ನು ಲಕ್ಕಿ ಡಿಪ್: ಹಣ ಪಡೆದು ಚೀಟಿ ಎತ್ತಿ ಬಹುಮಾನ ಕೊಡುವುದು ಲಾಟರಿಯೇ ಆಗುತ್ತದೆ, ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧದಲ್ಲಿದೆ. ಬಹಿರಂಗ ಸವಾಲಿಗೆ ಈ ತೊಡಕಿಲ್ಲ.

ಕತ್ತಿಯ ಅಳತೆಯ ಬಗ್ಗೆಯೂ ಹೇಳುತ್ತೇನೆ. 2016ರ ಆಯುಧ ನಿಯಮಗಳಲ್ಲಿ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿರುವ ಚೂರಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆಬಳಕೆ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗೆಂದು ಮಾಡಿದವುಗಳಿಗೆ ವಿನಾಯಿತಿ ಇದೆ. ತೋಟದ ಕತ್ತಿಗೂ ಮೆಟ್ಟುಗತ್ತಿಗೂ ಯಾವ ಭಯವೂ ಇಲ್ಲ. ಆದರೆ ಹೆಚ್ಚು ಹಣ ಬರಲೆಂದು ಅದೇ ಉಕ್ಕಿನ ಪಟ್ಟಿಯಿಂದ ಖಡ್ಗದಂಥ ಅಲಂಕಾರದ ವಸ್ತುವನ್ನು ಮಾಡಿ ದೂರದ ಊರಿಗೆ ಕಳುಹಿಸಿದರೆ ವಿನಾಯಿತಿಯ ಮಾತು ಗಟ್ಟಿಯಾಗಿ ನಿಲ್ಲುವುದಿಲ್ಲ. ಒಬ್ಬ ವ್ಯಕ್ತಿಯ ಕುಟುಂಬಕ್ಕೆ ಕೊಡುವ ಹಣಕ್ಕೆ ಆದಾಯ ತೆರಿಗೆಯ ರಿಯಾಯಿತಿಯೂ ಸಿಗುವುದಿಲ್ಲ. ಹಾಗೆಂದು ಯಾರಿಗೂ ಆಶ್ವಾಸನೆ ಕೊಡಬೇಡಿ.

ತೀರ್ಥಹಳ್ಳಿಯ ಅಡಿಕೆ ಸುಲಿಯುವವಳು:

ನಾನು ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಅಂಗಳದಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದೇನೆ. ಇಲ್ಲಿಯವರೆಗಿನ ಮಾತುಗಳಲ್ಲಿ ಕತ್ತಿಯನ್ನು ನೋಡುವವರು, ಮಾರುವವರು, ಸಂಗ್ರಹಿಸುವವರು ಬಂದರೇ ಹೊರತು ಅದನ್ನು ಹಿಡಿದು ದುಡಿಯುವವರು ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೆಟ್ಟುಗತ್ತಿ ಕೊಳ್ಳುವಾಗ ನಾವು ಮೊದಲು ನೋಡುವುದು ಅದರ ಮೂಗನ್ನು. ಅಡಿಕೆಯ ತೊಟ್ಟಿನ ಕಡೆ ಆ ಮೂಗು ಎಷ್ಟು ಇಳಿಯಬೇಕೋ ಅಷ್ಟೇ ಇಳಿದು ನಿಲ್ಲಬೇಕು. ಹೆಚ್ಚು ಇಳಿದರೆ ಒಳಗಿನ ಅಡಿಕೆಗೆ ಗಾಯವಾಗಿ ಯಜಮಾನರಿಂದ ಮಾತು ಕೇಳಬೇಕು, ಕಡಿಮೆ ಇಳಿದರೆ ಸಿಪ್ಪೆ ಬಿಡಿಸಲು ಮಣಿಕಟ್ಟಿನ ಬಲವೆಲ್ಲ ಹಾಕಬೇಕು. ಡಬ್ಬದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಒಳ್ಳೆಯ ಮೂಗಿನ ಕತ್ತಿಯೆಂದರೆ ರಾತ್ರಿ ಒಂದು ಗಂಟೆ ಬೇಗ ಮಲಗುವುದು. ಕೆತ್ತನೆಯ ಹಿಡಿ ಹಾಕಿ ಗಾಜಿನ ಕಪಾಟಿನಲ್ಲಿ ಇಡುವುದಾದರೆ ಆಚಾರ್ರು ಅಷ್ಟು ನಾಜೂಕಾಗಿ ಆ ಮೂಗು ತಿದ್ದುವುದು ಯಾರಿಗಾಗಿ?

ನಮ್ಮ ಕಡೆ ಕಬ್ಬಿಣವನ್ನು ದಾನವೆಂದು ತೆಗೆದುಕೊಳ್ಳಲು ಹಿಂಜರಿಯುತ್ತಾರೆ, ಶನಿಯ ದಾನವೆಂಬ ನಂಬಿಕೆ. ಕತ್ತಿಯನ್ನು ಕೈಯಿಂದ ಕೈಗೂ ಕೊಡುವುದಿಲ್ಲ, ನೆಲದ ಮೇಲಿಟ್ಟರೆ ಎತ್ತಿಕೊಳ್ಳುತ್ತಾರೆ. ನನ್ನ ಅಮ್ಮ ತವರಿನಿಂದ ಮೆಟ್ಟುಗತ್ತಿ ತಂದಾಗ ಅಣ್ಣನ ಕೈಗೆ ನಾಲ್ಕಾಣೆ ಇಟ್ಟೇ ತಂದರಂತೆ. ಆದ್ದರಿಂದ ಬಡವರಿಗೆ ಉಚಿತವಾಗಿ ಹಂಚೋಣ ಎಂದು ಯಾರಾದರೂ ಹೇಳುವ ಮೊದಲೇ ತಿಳಿಸುತ್ತೇನೆ, ನಮಗೆ ಉಚಿತ ಬೇಡ. ನಮ್ಮ ಗುಂಪಿನಲ್ಲಿ 14 ಹೆಂಗಸರಿದ್ದೇವೆ. ಮೂಲಬೆಲೆಯ ಮೇಲೆ ತಲಾ 100 ರೂಪಾಯಿ ಸೇರಿಸಿ ಎರಡು ಕತ್ತಿಗಳಿಗೆ ನಾವೇ ಸವಾಲು ಕೂಗುತ್ತೇವೆ.

ಕೊನೆಯದಾಗಿ ಸಾಗರದ ಅಣ್ಣನವರಿಗೆ ಒಂದು ಪ್ರಶ್ನೆ. ಬಿದ್ದಿರುವ ಆ ಮನುಷ್ಯರನ್ನು ಯಾರಾದರೂ ಕೇಳಿದ್ದೀರಾ?

ಭದ್ರಾವತಿಯ ನಿವೃತ್ತ ಉಕ್ಕು ಕಾರ್ಮಿಕ:

ಕತ್ತಿಯ ಗುಣದ ಬಗ್ಗೆ ಒಂದು ಮಾತು. ಸಹಾಯಾರ್ಥವಾಗಿ ಕೊಟ್ಟದ್ದು ಎಂಬ ಕಾರಣಕ್ಕೆ ಹದದಲ್ಲಿ ಸಡಿಲು ಬಿಟ್ಟರೆ ಕೊಟ್ಟವರಿಗೂ ಕೊಂಡವರಿಗೂ ಅಗೌರವ. ಲಾರಿಯ ಕಮಾನು ಪಟ್ಟಿಯಲ್ಲಿ ಸುಮಾರು ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಕತ್ತಿಗೆ ಅದು ಒಳ್ಳೆಯ ಉಕ್ಕು. ಕಾಸುವಾಗ ಅಯಸ್ಕಾಂತ ಹಿಡಿಯುವುದನ್ನು ಬಿಡುವ ಹಂತ ಸುಮಾರು 770 ಡಿಗ್ರಿಯಲ್ಲಿ ಬರುತ್ತದೆ. ಅದಕ್ಕಿಂತ ತುಸು ಮೇಲಕ್ಕೆ ಕಾಸಿ ಎಣ್ಣೆಯಲ್ಲಿ ಅದ್ದಬೇಕು. ನೇರವಾಗಿ ನೀರಿಗೆ ಹಾಕಿದರೆ ಕೂದಲೆಳೆಯಂಥ ಬಿರುಕು ಬರುವ ಅಪಾಯವಿದೆ. ಬಳಿಕ ಅಲಗು ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ ಮತ್ತೆ ಹದವಾಗಿ ಕಾಸಬೇಕು. ಇದನ್ನು ಆಚಾರ್ರಿಗೆ ಕಲಿಸುವ ಧೈರ್ಯ ನನಗಿಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿಯುವ ಎಷ್ಟೋ ಮೊದಲೇ ಇದೇ ಮಲೆನಾಡಿನ ಇದ್ದಿಲಿನಲ್ಲಿ ಅವರ ಹಿರಿಯರು ಬಣ್ಣ ನೋಡಿಯೇ ಹದ ಹಿಡಿದವರು. ನನ್ನ ಕೋರಿಕೆ ಇಷ್ಟೇ: ಪ್ರತಿಯೊಂದು ಕತ್ತಿಯ ಮೇಲೂ ಮಾಡಿದವರ ಗುರುತನ್ನು ಒತ್ತಿಸಿ, ಸವಾಲಿನ ಮೊದಲು ಅವರ ಹೆಸರನ್ನು ಕೂಗಿ. ಪಟ್ಟಿಯ ಖರ್ಚನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ.

ಹೊಸನಗರದವ, ಈಗ ಬೆಂಗಳೂರು:

ಕೊಂಬಿನ ವಿಷಯದಲ್ಲಿ ನನ್ನ ಅಜ್ಞಾನವನ್ನು ಒಪ್ಪಿಕೊಳ್ಳುತ್ತೇನೆ, ಲಕ್ಕಿ ಡಿಪ್ಪಿನ ಸಲಹೆಯನ್ನೂ ಹಿಂತೆಗೆದುಕೊಂಡಿದ್ದೇನೆ. ಆದರೂ ತೀರ್ಥಹಳ್ಳಿಯ ಅಕ್ಕನವರ ಮಾತನ್ನು ಪೂರ್ತಿ ಒಪ್ಪಲಾರೆ. ಆಸ್ಪತ್ರೆಯ ಸಾಲ ಲಕ್ಷಗಳ ಲೆಕ್ಕದಲ್ಲಿರುವಾಗ 12 ಕತ್ತಿಗಳನ್ನು ಊರಿನ ಬೆಲೆಗೆ ಮಾರಿದರೆ ಬರುವುದು ಹತ್ತು ಹನ್ನೆರಡು ಸಾವಿರ. ಚಂದಕ್ಕಾಗಿ ಕೊಳ್ಳುವವನ ಹಣವೂ ಹಣವೇ, ಅದೂ ಅದೇ ಕುಟುಂಬಕ್ಕೆ ತಲುಪುತ್ತದೆ. ಎರಡನ್ನಾದರೂ ಅಡುಗೆಮನೆಯ ಸಣ್ಣ ಚೂರಿಗಳಾಗಿ, 9 ಅಂಗುಲದ ಒಳಗೆ ಮಾಡಿಸಿ, ಹಲಸಿನ ಹಿಡಿಗೆ ಗುಡಿಗಾರರ ಕೆತ್ತನೆ ಹಾಕಿಸಿದರೆ, ಇಲ್ಲಿನ ಸ್ನೇಹಿತರಿಂದ ತಕ್ಕ ಬೆಲೆ ಕೊಡಿಸುವ ಹೊಣೆ ನನ್ನದು. ಗುಡಿಗಾರರಿಗೆ ಪೂರ್ತಿ ಕೂಲಿ ನಾನೇ ಕೊಡುತ್ತೇನೆ, ಅವರಿಂದಲೂ ಉಚಿತವಾಗಿ ಕೇಳುವುದು ಬೇಡ.

ಸಾಗರದ ತೋಟಿಗ:

ಸೊರಬದವರ ಮೊದಲ ಮಾತು ನನ್ನನ್ನು ನಿಜಕ್ಕೂ ಕುಟುಕಿತು. ಆಚಾರ್ರನ್ನು ಕೇಳಲು ನಾವು ಐದು ಜನ ಒಟ್ಟಿಗೆ ಹೋಗಿದ್ದೆವು. ಅವರಿಗೆ ಇಲ್ಲವೆನ್ನಲು ಜಾಗ ಉಳಿಸಿರಲಿಲ್ಲ ಎಂಬುದು ಈಗ ಹೊಳೆಯುತ್ತಿದೆ. ನಿನ್ನೆ ನಾನೊಬ್ಬನೇ ನಾಲ್ಕೂ ಕುಲುಮೆಗಳಿಗೆ ಹೋಗಿ, ಕೊಡದಿದ್ದರೂ ಬೇಸರವಿಲ್ಲವೆಂದು ಹೇಳಿ ಮತ್ತೆ ಕೇಳಿದೆ. ಒಬ್ಬರು ಮೂರರ ಬದಲು ಒಂದು ಕೊಡುವುದಾಗಿ ಹೇಳಿದರು, ಒಬ್ಬರು ಕೊಯ್ಲು ಮುಗಿದ ಮೇಲೆ ಕೊಡುತ್ತೇನೆಂದರು, ಇಬ್ಬರು ಮೊದಲಿನ ಮಾತಿಗೇ ನಿಂತರು. ಆಯುಧಪೂಜೆಗೆ ಏಳು ಕತ್ತಿಗಳಾಗುತ್ತವೆ. ಅವುಗಳಲ್ಲಿ ಎರಡು ಬೆಂಗಳೂರಿಗೆ, ಐದು ಅಂಗಳದ ಸವಾಲಿಗೆ. ಮೂಲಬೆಲೆಯನ್ನು ಆಚಾರ್ರೇ ಹೇಳುತ್ತಾರೆ. ತೋಟದ ಯಜಮಾನರಾದ ನಾವು ಹನ್ನೊಂದು ಮನೆಯವರು, ಕತ್ತಿ ಕೊಳ್ಳಲಿ ಬಿಡಲಿ, ತಲಾ ಒಂದು ಕ್ವಿಂಟಾಲ್ ಅಡಿಕೆಯ ಬೆಲೆಯನ್ನು ನಿಧಿಗೆ ಕಟ್ಟಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಅವರು ಹತ್ತಿದ್ದು ನಮ್ಮ ಮರಗಳನ್ನು. ಇದನ್ನು ಮೊದಲೇ ಮಾಡಬೇಕಿತ್ತು.

ತೀರ್ಥಹಳ್ಳಿಯ ಅಕ್ಕನವರ ಪ್ರಶ್ನೆಗೆ ಉತ್ತರ: ಕೇಳಿರಲಿಲ್ಲ. ನಿನ್ನೆ ಸಂಜೆ ಮನೆಗೆ ಹೋಗಿ ಕೇಳಿದೆ. ಹಣದ ಮಾತನ್ನು ಅವರು ಹೆಚ್ಚು ಆಡಲಿಲ್ಲ. ಸೊಂಟಕ್ಕೆ ಕಟ್ಟುತ್ತಿದ್ದ ಕತ್ತಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟಿದ್ದಾರೆ, ಅಲಗಿಗೆ ಎಣ್ಣೆ ಹಚ್ಚಿದ್ದು ಕಾಣುತ್ತಿತ್ತು. ‘ಕೈ ಎರಡೂ ಸರಿ ಇವೆ ಹೆಗಡೇರೆ, ಅಡಿಕೆ ಸುಲಿಯಬಲ್ಲೆ. ಆದರೆ ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿಯಲಾಗುವುದಿಲ್ಲ’ ಎಂದರು.

ತೀರ್ಥಹಳ್ಳಿಯ ಅಡಿಕೆ ಸುಲಿಯುವವಳು:

ಹಾಗಾದರೆ ಮಣೆಯನ್ನು ನೆಲದಿಂದ ಮೇಲಕ್ಕೆ ಎತ್ತಬೇಕು. ಗಟ್ಟಿ ಮೇಜಿನ ಅಂಚಿಗೆ ಕತ್ತಿಯನ್ನು ಬೋಲ್ಟ್ ಹಾಕಿ ಬಿಗಿದರೆ ಕಾಲಿನ ಕೆಲಸವೇ ಇರುವುದಿಲ್ಲ. ಕತ್ತಿಯ ಮೂಗು ಎದೆಯ ಮಟ್ಟಕ್ಕೆ ಬರಬಾರದು, ಹೊಟ್ಟೆಯ ಮಟ್ಟಕ್ಕಿರಲಿ. ಇಲ್ಲದಿದ್ದರೆ ಒಂದು ಡಬ್ಬ ಮುಗಿಯುವಷ್ಟರಲ್ಲಿ ಭುಜ ಸೋಲುತ್ತದೆ. ಸಿಪ್ಪೆ ತೊಡೆಯ ಮೇಲೆ ಬೀಳದಂತೆ ಎಡಗಡೆಗೆ ಒಂದು ತಗಡಿನ ಇಳಿಜಾರು ಬೇಕು. ಅವರಿಗೆ ತೊಡೆಯಲ್ಲಿ ಸ್ಪರ್ಶವಿಲ್ಲವೆಂದರೆ ಗಾಯವಾದರೂ ತಿಳಿಯುವುದಿಲ್ಲ, ಅದನ್ನು ಮರೆಯಬೇಡಿ.

ಸೊರಬದ ಕುಲುಮೆಮನೆಯವ:

ಈ ಕತ್ತಿಯನ್ನು ನಾವು ಮಾಡುತ್ತೇವೆ. ಇದನ್ನು ಸವಾಲಿನ ಲೆಕ್ಕಕ್ಕೆ ಸೇರಿಸಬೇಡಿ, ಇದಕ್ಕೆ ಪಟ್ಟಿಯ ಖರ್ಚೂ ಬೇಡ. ಇಲ್ಲಿ ಬರೆದದ್ದನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. ಅಕ್ಕನವರು ಮೂಗಿನ ಬಗ್ಗೆ ಹೇಳಿದ ಮಾತನ್ನು ಎರಡು ಬಾರಿ ಓದಿಸಿಕೊಂಡರು. ಬೋಲ್ಟಿನ ತೂತಿರುವ ಬುಡವನ್ನು ಅಗಲವಾಗಿ ಬಡಿದು, ಹಿಂಬದಿಯನ್ನು ಮೆತ್ತಗೆ ಬಿಟ್ಟು, ಮೂಗಿಗೆ ಮಾತ್ರ ಹದ ಕೊಡುವುದಾಗಿ ಹೇಳಿದ್ದಾರೆ. ಮೇಜಿಗೆ ನಮ್ಮಲ್ಲಿ ಹಲಸಿನ ಹಲಗೆ ಇದೆ. ಸಾಗರದವರು ಗಾಲಿಕುರ್ಚಿಯ ಅಳತೆ ತೆಗೆದು ಕಳುಹಿಸಬೇಕು, ಅವರು ಎಡಗೈಯವರೋ ಬಲಗೈಯವರೋ ಎಂಬುದನ್ನೂ ತಿಳಿಸಬೇಕು.

ಸಾಗರದ ತೋಟಿಗ:

ಈಗಷ್ಟೇ ಅಳೆದು ಬಂದೆ. ನೆಲದಿಂದ ಆಸನಕ್ಕೆ 20 ಅಂಗುಲ, ಕೈಯಿಡುವ ದಿಂಡಿಗೆ 29 ಅಂಗುಲ, ಎರಡು ದಿಂಡುಗಳ ನಡುವೆ 18 ಅಂಗುಲ. ಬಲಗೈಯವರು.