ಉಪ್ಪಿನಲ್ಲಿ ಬಿಸಿಲು ಕೂಡಿಡಬಹುದಂತೆ, ಗದಗಿನಲ್ಲಿ ಯಾಕಿಲ್ಲ?

ಗದಗ ಹೊಲದವ: ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನು ತಿರುಗುತ್ತವೆ, ಬಯಲಲ್ಲಿ ಸೋಲಾರ್ ಪ್ಯಾನೆಲ್ ಮಲಗಿವೆ. ಆದರೂ ನಾನು ಹೊಲಕ್ಕೆ ನೀರು ಬಿಡೋದು ರಾತ್ರಿ ಎರಡು ಗಂಟೆಗೆ, ಬ್ಯಾಟರಿ ಹಿಡಿದು, ಹಾವಿಗೆ ಹೆದರಿಕೊಂಡು. ಸ್ಪೇನಿನ ಗೆಮಾಸೋಲಾರ್ ಸ್ಥಾವರದ ಬಗ್ಗೆ ಓದಿದೆ. 2011ರಿಂದ ಇದೆ. ಕನ್ನಡಿಗಳಿಂದ ಗೋಪುರದ ಮೇಲೆ ಬಿಸಿಲು ಬಿಟ್ಟು ಉಪ್ಪು ಕಾಯಿಸುತ್ತಾರೆ. ಬಿಸಿಲಿಲ್ಲದೆ 15 ತಾಸು ಕರೆಂಟು! ನಮ್ಮಲ್ಲಿ ಯಾಕಿಲ್ಲ?

ಧಾರವಾಡ ಪೇಢಾ: ದುಡ್ಡು ಸರ. 2010ರಲ್ಲಿ ನಮ್ಮ ದೇಶದಲ್ಲೇ ಇಂಥ ಕನ್ನಡಿ ಸ್ಥಾವರಗಳ ಹರಾಜು ಆಗಿತ್ತು. ಯೂನಿಟ್ಟಿಗೆ 10.49ರಿಂದ 12.24 ರೂಪಾಯಿ. ಅರ್ಧಕ್ಕರ್ಧ ಮುಗಿಯಲೇ ಇಲ್ಲ. ಹತ್ತು ವರ್ಷ ಬಿಟ್ಟು ಗುಜರಾತಿನಲ್ಲಿ ಪ್ಯಾನೆಲ್ ಕರೆಂಟು 1.99ಕ್ಕೆ ಹೋಯಿತು. ಯಾರು ಕನ್ನಡಿ ಹಿಡಿತಾರೆ?

ಗದಗ ಹೊಲದವ: ಉಪ್ಪು ಅಷ್ಟು ತುಟ್ಟಿನಾ?

ಭಟ್ಟಿ ಹುಡುಗ: ಅಡಿಗೆ ಉಪ್ಪಲ್ಲ ಅಣ್ಣಾ. ಸೋಡಿಯಂ ನೈಟ್ರೇಟ್ 60 ಪಾಲು, ಪೊಟ್ಯಾಸಿಯಂ ನೈಟ್ರೇಟ್ 40 ಪಾಲು. ಗೊಬ್ಬರದ ಜಾತಿ. ಕಾವು ಕೂಡಿಡೋದು ಅಂಥ ತುಟ್ಟಿ ಕೆಲಸ ಅಲ್ಲ. ನಮ್ಮದು ಹುಬ್ಬಳ್ಳಿಯಲ್ಲಿ ಮಂಡಕ್ಕಿ ಭಟ್ಟಿ. ಸಂಜೆ ಒಲೆ ಆರಿಸಿ, ಉಳಿದ ಮರಳಲ್ಲಿ ಗೆಣಸು ಹೂತರೆ ಊಟದ ಹೊತ್ತಿಗೆ ಬೆಂದಿರುತ್ತದೆ. ರಾಶಿ ದೊಡ್ಡದಾದಷ್ಟೂ ಆರೋದು ತಡ. ತುಟ್ಟಿ ಬೀಳೋದು ಮುಂದಿನ ಕೆಲಸ, ಅಂದರೆ ಆ ಕಾವಿನಿಂದ ಹಬೆ ಎಬ್ಬಿಸಿ, ಟರ್ಬೈನ್ ಚಕ್ರ ತಿರುಗಿಸಿ ಕರೆಂಟು ತೆಗೆಯೋದು. ಒಂದು ಟನ್ ಉಪ್ಪನ್ನು 290 ಡಿಗ್ರಿಯಿಂದ 565ಕ್ಕೆ ಏರಿಸಿದರೆ ಸುಮಾರು 115 ಯೂನಿಟ್ ಕಾವು ಸಿಗುತ್ತದೆ. ಟರ್ಬೈನ್ ದಾಟುವಷ್ಟರಲ್ಲಿ 45 ಯೂನಿಟ್ ಕರೆಂಟು ಉಳಿದರೆ ಪುಣ್ಯ.

ಧಾರವಾಡ ಪೇಢಾ: ಆ ಉಪ್ಪು 240 ಡಿಗ್ರಿಗಿಂತ ಕೆಳಗೆ ಇಳಿದರೆ ಪೈಪಿನಲ್ಲೇ ಗಟ್ಟಿಯಾಗುತ್ತೆ, ಅದನ್ನೂ ಹೇಳಿ. ಅಮೆರಿಕದ ಕ್ರೆಸೆಂಟ್ ಡ್ಯೂನ್ಸ್ ಇಂಥದೇ ಉಪ್ಪಿನ ಸ್ಥಾವರ, 110 ಮೆಗಾವಾಟಿನದು. 2016ರಲ್ಲಿ ಬಿಸಿ ಉಪ್ಪಿನ ಟ್ಯಾಂಕು ಸೋರಿ ತಿಂಗಳುಗಟ್ಟಲೆ ನಿಂತಿತ್ತು.

ಬ್ಯಾಡಗಿಯ ಅಕ್ಕ: ಮೋಡದ ಮಾತು ಯಾರೂ ಎತ್ತಲಿಲ್ವಲ್ಲ! ಸಣ್ಣವರಿದ್ದಾಗ ಕನ್ನಡಿ ಹಿಡಿದು ಗೋಡೆ ಮೇಲೆ ಬಿಸಿಲು ಕುಣಿಸಿಲ್ವಾ? ತೆಳು ಮೋಡ ಬಂದರೂ ಮಾಯ. ಪ್ಯಾನೆಲ್ಲಾದರೆ ಮೋಡದಲ್ಲೂ ಒಂದಿಷ್ಟು ಕೊಡುತ್ತೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ರಾಜಸ್ಥಾನದ ಧುರ್ಸರ್‌ನಲ್ಲಿ 125 ಮೆಗಾವಾಟಿನ ಕನ್ನಡಿ ಸ್ಥಾವರ ಕಟ್ಟಿದರು, ಅಷ್ಟು ಬಿಸಿಲಿದ್ದೂ ಕಾವು ಕೂಡಿಡೋ ವ್ಯವಸ್ಥೆ ಮಾಡಲಿಲ್ಲ.

ಗದಗ ಹೊಲದವ: ಅಬು ರೋಡಿನಲ್ಲಿ ಬ್ರಹ್ಮಕುಮಾರಿಯವರು ಮಾಡಿದ್ದಾರಲ್ಲ ಅಕ್ಕಾರ? 770 ದೊಡ್ಡ ಕನ್ನಡಿ ಡಿಶ್‌ಗಳು, ಕಬ್ಬಿಣದಲ್ಲಿ ಕಾವು ಹಿಡಿಯುತ್ತಾರೆ.

ಧಾರವಾಡ ಪೇಢಾ: ಒಂದು ಮೆಗಾವಾಟು ಸರ. ಅದೂ ಸರ್ಕಾರದ ನೆರವಿನಿಂದ. ನಿಮ್ಮ ರಾತ್ರಿ ಕರೆಂಟಿಗೆ ಬ್ಯಾಟರಿಯೇ ಬರೋದು, ಇಲ್ಲಾ ನೀರು ಮೇಲೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯೋ ಯೋಜನೆ. (ಶರಾವತಿಯಲ್ಲಿ ಇಂಥದೇ ಯೋಜನೆಯ ಜಗಳ ಇದೆ, ಅದು ಇಲ್ಲಿ ಬೇಡ.)

ಬ್ಯಾಡಗಿಯ ಅಕ್ಕ: ನನಗೆ ಕರೆಂಟೇ ಬೇಡ, ಕಾವು ಸಾಕು. ಹೋದ ವರ್ಷ ಕಣದಲ್ಲಿ ಹರವಿದ್ದ ಮೆಣಸಿನಕಾಯಿ ಮೇಲೆ ಮಳೆ ಬಿತ್ತು. ಮೂರನೇ ದಿನ ತೊಟ್ಟಿನ ಹತ್ತಿರ ಕಪ್ಪು. ಫಿನ್ಲೆಂಡಿನ ಕಂಕಾನ್‌ಪಾ ಊರಲ್ಲಿ 2022ರಿಂದ 100 ಟನ್ ಮರಳಲ್ಲಿ 8,000 ಯೂನಿಟ್ ಕಾವು ಹಿಡಿಯುತ್ತಾರಂತೆ, ಮನೆ ಬೆಚ್ಚಗಿಡೋಕೆ. ನನಗೆ 50-60 ಡಿಗ್ರಿ ಗಾಳಿ ನಾಲ್ಕು ರಾತ್ರಿ ಸಿಕ್ಕರೆ ಆಯಿತು. ಟರ್ಬೈನ್ ಯಾಕೆ?

ಭಟ್ಟಿ ಹುಡುಗ: ಎಷ್ಟು ಚೀಲ ಅಕ್ಕಾ?

ಬ್ಯಾಡಗಿಯ ಅಕ್ಕ: ನಲವತ್ತು.

ಭಟ್ಟಿ ಹುಡುಗ: ಮೊದಲು ಒಂದು ಚೀಲ ತನ್ನಿ, ಸಂಜೆ ಮರಳಿನ ಮೇಲೆ ಗಾಳಿ ಹಾಯಿಸಿ ನೋಡೋಣ. ಘಾಟಿಗೆ ಓಣಿಯವರೆಲ್ಲ ಸೀನಿಕೊಂಡು ಬಂದರೆ ನಿಮ್ಮ ಹೆಸರೇ ಹೇಳ್ತೀನಿ.